ಎಂಟು ಕಾಲಿದ್ದ ಮಾತ್ರಕ್ಕೆ ಜೇಡ ಆಗಲ್ಲ

28 ಮಿಲಿಮೀಟರ್ ಎತ್ತರದ ಯೋಧನ ಗೊಂಬೆಗೆ ಬಣ್ಣ ಹಚ್ಚುವಾಗ ನಮ್ಮವರ ಶ್ರದ್ಧೆ ನೋಡಬೇಕು. ಕವಚಕ್ಕೆ ತುಕ್ಕು ಎಲ್ಲಿಂದ ಹಿಡಿಯುತ್ತೆ, ಬೆಲ್ಟಿನ ಬಕಲ್ ಹಿತ್ತಾಳೆಯದೋ ಕಬ್ಬಿಣದ್ದೋ, ಬೂಟಿಗೆ ಮೆತ್ತಿದ ಕೆಸರು ಒಣಗಿದೆಯೋ ಹಸಿಯೋ ಅಂತ ವಿಡಿಯೋ ನೋಡಿ ನೋಡಿ ರಾತ್ರಿ ಎರಡು ಗಂಟೆ ಮಾಡ್ತಾರೆ. ಬೆಳಗ್ಗೆ ಒಂಬತ್ತೂವರೆಗೆ ಸ್ಟ್ಯಾಂಡಪ್ ಮೀಟಿಂಗ್ ಇದ್ದರೂ ಸರಿಯೇ. ಅದೇ ಜನ ಆ ಯೋಧನ ಎದುರಿಗೆ ತಂದಿಡುವ ಜೇಡ ಇದೆಯಲ್ಲ, ಅದನ್ನು ನೋಡಿದರೆ ಅಳು ಬರುತ್ತೆ. ಕಾಲುಗಳು ಹೊಟ್ಟೆಯಿಂದ ಹೊರಟಿರುತ್ತವೆ. ಎಂಟೂ ಛತ್ರಿ ಕಡ್ಡಿಗಳ ಥರ ಒಂದೇ ಕೋನದಲ್ಲಿ ಬಾಗಿರುತ್ತವೆ. ಮುಖದ ಮೇಲೆ ಎರಡು ಕೆಂಪು ಚುಕ್ಕಿ. ಹಿಂದೆ ದಿಂಬಿನಿಂದ ಕಿತ್ತ ಹತ್ತಿ. ಇದಕ್ಕೆ ‘ರಿಯಲಿಸ್ಟಿಕ್’ ಅಂತ ಹೆಸರು ಬೇರೆ!

ನನ್ನ ತಕರಾರು ಇಷ್ಟೇ. ಜಯನಗರದಲ್ಲೋ ಬಿಟಿಎಂ ಲೇಔಟಿನಲ್ಲೋ ಕೂತು ಜೇಡ ಮಾಡುವವರು ಜೇಡ ಹೇಗಿರುತ್ತೆ ಅಂತ ತಿಳಿಯೋಕೆ ಫೋನ್ ತೆಗೀತಾರೆ. ತಲೆ ಎತ್ತಿ ಗೋಡೆ ಮೂಲೆ ನೋಡಲ್ಲ.

‘ಇದು ಫ್ಯಾಂಟಸಿ ಗುರು, ಡ್ರ್ಯಾಗನ್ ಬರೋ ಕಡೆ ಜೇಡದ ಕಾಲಿನ ಲೆಕ್ಕ ಯಾಕೆ?’ ಅನ್ನೋರಿದ್ದಾರೆ. ಒಪ್ಪಿದೆ. ಡ್ರ್ಯಾಗನ್ನಿಗೆ ನೀವು ಇಟ್ಟಿದ್ದೇ ಕಾಲು, ಯಾರೂ ಕೇಳಲ್ಲ. ಆದರೆ ಜೇಡ ಡ್ರ್ಯಾಗನ್ ಅಲ್ಲ, ನಿಮ್ಮ ಗೀಸರ್ ಹಿಂದೆ ವಾಸವಾಗಿದೆ. ಬಕಲ್ಲಿಗೆ ಒಂದು ನ್ಯಾಯ, ಜೇಡಕ್ಕೆ ಇನ್ನೊಂದು ನ್ಯಾಯ ಯಾಕೆ?

ಆ ಗೀಸರ್ ಹಿಂದಿನದನ್ನೇ ತಗೊಳ್ಳಿ. ಬಾತ್‌ರೂಮಿನಲ್ಲಿ ರಾತ್ರಿ ಲೈಟ್ ಹಾಕಿದಾಗ ಗೋಡೆ ಮೇಲೆ ಅಂಗೈಯಗಲ ಕೂತಿರುವ ಕಂದು ಜೇಡ ಹಂಟ್ಸ್‌ಮನ್. ಶಾಸ್ತ್ರೀಯ ಹೆಸರು ಹೆಟೆರೊಪೋಡಾ ವೆನಟೋರಿಯಾ. ಮೈ ಎರಡು ಮೂರು ಸೆಂಟಿಮೀಟರ್ ಇದ್ದರೆ, ಕಾಲು ಚಾಚಿದಾಗ 10 ಸೆಂಟಿಮೀಟರ್ ಆಸುಪಾಸು. ಈಗ ಸ್ವಲ್ಪ ಗಣಿತ. ನಮ್ಮ 28 ಮಿಲಿಮೀಟರ್ ಯೋಧನನ್ನು ಸುಮಾರು ಅರವತ್ತು ಪಟ್ಟು ದೊಡ್ಡದು ಮಾಡಿದರೆ ಐದೂವರೆ ಅಡಿಯ ಮನುಷ್ಯ ಆಗ್ತಾನೆ. ಅದೇ ಲೆಕ್ಕದಲ್ಲಿ ಬಾತ್‌ರೂಮಿನ ಜೇಡ ಇಪ್ಪತ್ತು ಅಡಿ ಅಗಲ! ಅಂದರೆ ಇದ್ದದ್ದು ಇದ್ದ ಹಾಗೆ, ಇದ್ದ ಅಳತೆಯಲ್ಲೇ ಮಾಡಿಟ್ಟರೆ ನಿಮ್ಮ ಆಟದ ರಾಕ್ಷಸ ಜೇಡ ರೆಡಿ. ಕಲ್ಪನೆ ಮಾಡೋ ಕಷ್ಟವೂ ಇಲ್ಲ. ತೋಟದಲ್ಲಿ ಸಿಗುವ ಸಿಗ್ನೇಚರ್ ಸ್ಪೈಡರ್ ಹೆಣ್ಣಿನ ಮೈ ಒಂದು ಸೆಂಟಿಮೀಟರ್ ಆಸುಪಾಸು ಇರುತ್ತೆ. ಯೋಧನ ಪಕ್ಕ ಇಟ್ಟರೆ ಬೀದಿನಾಯಿ ಗಾತ್ರ. ಇಷ್ಟು ಅನುಕೂಲ ಬೇರೆ ಯಾವ ಪ್ರಾಣಿ ಮಾಡಿಕೊಡುತ್ತೆ ಹೇಳಿ?

ಈ ಹಂಟ್ಸ್‌ಮನ್ ಛತ್ರಿಯ ಹಾಗೆ ನಿಲ್ಲಲ್ಲ. ಕಾಲುಗಳು ಏಡಿಯಂತೆ ಪಕ್ಕಕ್ಕೆ ಚಾಚಿರುತ್ತವೆ, ಮೈ ಚಪ್ಪಟೆ. ಅದಕ್ಕೇ ಕ್ಯಾಲೆಂಡರ್ ಹಿಂದೆ ಸಲೀಸಾಗಿ ನುಗ್ಗುತ್ತೆ. ಮುಖ್ಯವಾದ ಮಾತು, ಇದು ಬೇಟೆಗೆ ಬಲೆ ಕಟ್ಟಲ್ಲ, ಓಡಿ ಹಿಡಿಯುತ್ತೆ. ಆದರೂ ನಮ್ಮವರು ಇಂಥದ್ದೇ ಜೇಡವನ್ನು ತಂದು ದುಂಡು ಬಲೆಯ ನಡುವೆ ಕೂರಿಸ್ತಾರೆ. ಮೀನು ಹಿಡಿಯೋಕೆ ಚಿರತೆ ಕೈಗೆ ಗಾಳ ಕೊಟ್ಟ ಹಾಗೆ.

ಮಾಡೋದು ಬ್ರಹ್ಮವಿದ್ಯೆಯೇನಲ್ಲ. ಎಂ-ಸೀಲ್‌ನ ಎರಡು ಉಂಡೆ, ಮಧ್ಯೆ ಸಣ್ಣ ಸೊಂಟ. ಮುಂದಿನ ಉಂಡೆಯ ಅಡಿಯಲ್ಲಿ ನಾಲ್ಕು ತಾಮ್ರದ ತಂತಿ ಅಡ್ಡಡ್ಡ ಕೂರಿಸಿದರೆ ಎಂಟು ಕಾಲು. ಹಿಂದಿನ ಉಂಡೆ ಹೊಟ್ಟೆ, ಅಲ್ಲಿ ಕಾಲಿಗೆ ಜಾಗವೇ ಇಲ್ಲ. ಬಾಯಿಯ ಅಕ್ಕಪಕ್ಕ ಎರಡು ಕಿರುಗೈ ಇರುತ್ತೆ, ಅದನ್ನು ಕಾಲಿನ ಲೆಕ್ಕಕ್ಕೆ ಸೇರಿಸಬೇಡಿ. ನಡೆಯೋ ಭಂಗಿ ಬೇಕಾದರೆ ಒಂದು ಪಕ್ಕದ 1 ಮತ್ತು 3ನೇ ಕಾಲು, ಇನ್ನೊಂದು ಪಕ್ಕದ 2 ಮತ್ತು 4ನೇ ಕಾಲು ಎತ್ತಿ, ಉಳಿದ ನಾಲ್ಕು ನೆಲದ ಮೇಲಿರಲಿ. ರೋಮಕ್ಕೆ ಹಳೇ ಟೂತ್‌ಬ್ರಷ್ ಸಾಕು. ಸತ್ತ ಜೇಡ ಮಾಡೋದಾದರೆ ಕಾಲುಗಳನ್ನು ಒಳಕ್ಕೆ ಮಡಚಲೇಬೇಕು. ಜೇಡ ಕಾಲು ಚಾಚೋದು ಮೈಯೊಳಗಿನ ದ್ರವದ ಒತ್ತಡದಿಂದ. ಪ್ರಾಣ ಹೋದರೆ ಒತ್ತಡ ಹೋಯ್ತು, ಕಾಲು ಮುದುರಿತು. ಕಾಲು ಚಾಚಿ ಅಂಗಾತ ಬಿದ್ದ ಜೇಡದ ಹೆಣ ನೋಡಿದರೆ ನನಗಂತೂ ಅದು ಮಲಗಿದೆ ಅನ್ನಿಸುತ್ತೆ.

ಬಲೆ ವಿಷಯಕ್ಕೆ ಬಂದರೆ ಅನ್ಯಾಯ ಇನ್ನೂ ಜಾಸ್ತಿ. ಕನ್ನಡದಲ್ಲಿ ‘ಜೇಡ’ ಅಂದರೆ ನೇಕಾರ ಅಂತಲೂ ಅರ್ಥ, ಜೇಡರ ದಾಸಿಮಯ್ಯನ ಹೆಸರಲ್ಲೇ ಅದಿದೆ. ಅಂಥ ಕಸುಬುದಾರನ ಕೆಲಸವನ್ನು ನಾವು ಹಿಂಜಿದ ಹತ್ತಿ ಮಾಡಿಟ್ಟಿದ್ದೀವಿ. ದುಂಡು ಬಲೆಯಲ್ಲಿ ಮೊದಲು ಹೊರಗಿನ ಚೌಕಟ್ಟು, ಆಮೇಲೆ ನಡುವಿನಿಂದ ಗಾಡಿ ಚಕ್ರದ ಕಡ್ಡಿಗಳಂತೆ ಹೊರಡುವ ಎಳೆಗಳು, ಕೊನೆಗೆ ಹೊರಗಿನಿಂದ ಒಳಕ್ಕೆ ಸುತ್ತುವ ಅಂಟಿನ ಎಳೆ. ಚಕ್ರದ ಕಡ್ಡಿಗಳಿಗೆ ಅಂಟಿರಲ್ಲ. ಎಳೆ ಬಿಗಿಯಾಗಿರೋದರಿಂದ ನೆಟ್ಟಗಿರುತ್ತೆ, ಜೋಲಾಡೋದು ಹರಿದ ಬಲೆ ಮಾತ್ರ. ಸಿಗ್ನೇಚರ್ ಸ್ಪೈಡರ್ ಆದರೆ ನಡುವೆ ಬಿಳಿ ಅಂಕುಡೊಂಕು ಗೆರೆ ಹಾಕಿ, ಕಾಲುಗಳನ್ನು ಜೋಡಿ ಜೋಡಿ ಮಾಡಿ ಇಂಗ್ಲಿಷಿನ ಎಕ್ಸ್ ಆಕಾರದಲ್ಲಿ ತಲೆಕೆಳಗಾಗಿ ಕೂರುತ್ತೆ. ಹಳೇ ಇಯರ್‌ಫೋನ್ ಕೊಯ್ದರೆ ಸಿಗುವ ಕೂದಲೆಳೆ ತಂತಿಯಿಂದ ಇದೆಲ್ಲ ಕಟ್ಟಬಹುದು. ಅಂಟಿನ ಹನಿಗೆ ಬಣ್ಣವಿಲ್ಲದ ನೇಲ್ ಪಾಲಿಶ್, ಸೂಜಿ ತುದಿಯಲ್ಲಿ.

ಆಟದ ನಿಯಮ ನೋಡಿದರೆ ಬಲೆ ಮುಟ್ಟಿದವನು ಎಲ್ಲಿ ಮುಟ್ಟಿದರೂ ಅಂಟಿಕೊಂಡ. ಯಾಕೆ? ಬಲೆ ಓದಬಲ್ಲ ಆಟಗಾರ ಚಕ್ರದ ಕಡ್ಡಿ ಹಿಡಿದು ಜೇಡದ ಹಾಗೇ ಹತ್ತಿ ಹೋಗಲಿ ಬಿಡಿ. ಆಗ ಬಲೆ ಬರೀ ಅಲಂಕಾರ ಆಗಿರಲ್ಲ, ಅದೇ ಒಂದು ಆಟ ಆಗುತ್ತೆ.

ಹತ್ತಿಯನ್ನು ಪೂರ್ತಿ ಬೈಯೋದೂ ತಪ್ಪು. ದಕ್ಷಿಣ ಭಾರತದ ಕುರುಚಲು ಕಾಡುಗಳ ಮುಳ್ಳುಗಿಡಗಳಲ್ಲಿ ಸ್ಟೆಗೋಡೈಫಸ್ ಸರಸಿನೋರಮ್ ಅಂತ ಒಂದು ಜೇಡ ಇದೆ. ಒಂಟಿಯಲ್ಲ, ದೊಡ್ಡ ಕೂಡುಕುಟುಂಬ; ಒಂದೇ ಗೂಡಿನಲ್ಲಿ ನೂರಾರು ಇರಬಹುದು. ಅದರ ಬಲೆಗೆ ಅಂಟಿರಲ್ಲ, ಉಣ್ಣೆಯಂಥ ಒಣ ನೂಲು. ಅದರಲ್ಲಿ ಒಣಗಿದ ಎಲೆ, ತಿಂದು ಬಿಟ್ಟ ಹುಳುಗಳ ಚಿಪ್ಪು ಎಲ್ಲ ಸಿಕ್ಕಿಕೊಂಡಿರುತ್ತೆ. ಅಲ್ಲಿ ಹತ್ತಿ ಹಾಕಿ, ಧಾರಾಳವಾಗಿ ಹಾಕಿ. ಒಂದು ದೈತ್ಯ ಜೇಡವನ್ನು ಕೊಂದು ಮುಗಿಸೋ ಕಥೆಗಿಂತ, ಸಣ್ಣ ಸಣ್ಣ ಇಪ್ಪತ್ತು ಜೇಡ ಸೇರಿ ಒಬ್ಬ ವೀರನನ್ನು ಎಳೆದುಕೊಂಡು ಹೋಗೋ ಕಥೆ ಎಷ್ಟೋ ಮೇಲು. 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಶುರುವಾದಲ್ಲಿಂದ ಎಷ್ಟು ದೈತ್ಯ ಜೇಡ ಕೊಂದಾಯ್ತೋ, ಸಾಕಾಗಿದೆ.

ಇದನ್ನೆಲ್ಲ ಇಷ್ಟು ಜೋರಾಗಿ ಹೇಳೋಕೆ ಕಾರಣ ಇದೆ. ಮೇಜಿನ ಸುತ್ತ ಮಕ್ಕಳೂ ಕೂತಿರ್ತಾರೆ. ಕೆಂಪು ಕಣ್ಣು, ಜೊಲ್ಲು ಸುರಿಸೋ ಕೋರೆಹಲ್ಲು ಇರೋ ಜೇಡವನ್ನೇ ನೋಡಿ ಬೆಳೆದ ಮಗು ಬಾತ್‌ರೂಮಿನಲ್ಲಿ ನಿಜವಾದದ್ದನ್ನು ಕಂಡು ಕಿರುಚುತ್ತೆ. ಅಪ್ಪ ಚಪ್ಪಲಿ ತಗೊಂಡು ಬರ್ತಾನೆ. ಮಾರನೇ ದಿನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ಪೆಸ್ಟ್ ಕಂಟ್ರೋಲ್ ಮಾತು. ಜಿರಳೆಗೆ ಅಂತ ಹೊಡೆದ ಔಷಧಿಗೆ ಜಿರಳೆ ತಿನ್ನೋ ಹಂಟ್ಸ್‌ಮನ್ನೂ ಸಾಯುತ್ತೆ. ರಾಕ್ಷಸನನ್ನು ಮೊದಲು ನಮ್ಮ ಮೇಜಿನ ಮೇಲೆ ತಯಾರು ಮಾಡಿದ್ದು ನಾವೇ ಅಲ್ವಾ?

‘ಇದಕ್ಕೆಲ್ಲ ಇಲ್ಲಿ ಸಾಮಾನು ಸಿಗಲ್ಲ’ ಅನ್ನೋ ನೆಪವೂ ಬೇಡ. ಟೆರೇನ್ ಮಾಡೋದು ಈ ಬಡಾವಣೆಗಳಿಗೆ ಹೊಸದಲ್ಲ ಸ್ವಾಮಿ. ದಸರಾ ಗೊಂಬೆ ಕೂರಿಸುವ ಮನೆಗಳಲ್ಲಿ ರಾಗಿ ಮೊಳಕೆ ಬರಿಸಿ ಹುಲ್ಲುಗಾವಲು, ಕನ್ನಡಿ ಚೂರಿನಿಂದ ಕೆರೆ, ಮರಳಿನಿಂದ ರಸ್ತೆ ಮಾಡಿ ಪಾರ್ಕು ಕಟ್ಟಿದ ಅಜ್ಜಿಯರು ಯಾವ ಸ್ಟಾರ್ಟರ್ ಕಿಟ್ಟೂ ತರಿಸಿರಲಿಲ್ಲ. ಅವರು ಮಾಡಿದರೆ ಹಬ್ಬ, ನಾವು ಮಾಡಿದರೆ ಹಾಬಿ.

ಹಾಗಾಗಿ ಈ ವರ್ಷ ಒಂದು ಹಂಟ್ಸ್‌ಮನ್ ಮಾಡಿ. ಹೆಣ್ಣೇ ಆಗಲಿ, ಬಿಲ್ಲೆಯಂಥ ಚಪ್ಪಟೆ ಮೊಟ್ಟೆ ಚೀಲವನ್ನು ಎದೆಯಡಿ ಅವುಚಿಕೊಂಡು ಓಡಾಡುತ್ತೆ, ಅದನ್ನೂ ಮಾಡಿ. ಆಟ ಮುಗಿದ ಮೇಲೆ ಡಬ್ಬಿಗೆ ಹಾಕಬೇಡಿ. ನವರಾತ್ರಿಯಲ್ಲಿ ರಾಗಿ ಹುಲ್ಲಿನ ಪಾರ್ಕಿನಲ್ಲಿ, ಶೆಟ್ಟರ ಅಂಗಡಿ ಗೊಂಬೆಯ ಪಕ್ಕ ಇಡಿ. ‘ಇದೇನೋ ಅಪಶಕುನ, ತೆಗಿಯೋ’ ಅಂತ ಅಜ್ಜಿ ಗದರ್ತಾರೆ. ತೆಗೀಬೇಡಿ. ‘ಜಿರಳೆ ಹಿಡಿಯುತ್ತೆ ಅಜ್ಜಿ’ ಅಂತ ಹೇಳಿ ನೋಡಿ.