ಬ್ರಷ್ ಪ್ಯಾಕ್ ಆಮೇಲೆ, ಮೊದಲು ಬೂದು ಬಣ್ಣ

ನಮ್ಮ ಕಾಲೇಜಲ್ಲಿ ಗೇಮ್ ಮಾಡೋ ಹುಚ್ಚು ಇರೋರಿಗೇನೂ ಕಮ್ಮಿ ಇಲ್ಲ. ಮಾಡೆಲ್ ರೆಡಿ ಆಗುತ್ತೆ, ಕೋಡೂ ಓಡುತ್ತೆ. ಆದರೆ ಪಾತ್ರಕ್ಕೆ ಟೆಕ್ಸ್ಚರ್ ಬಳಿದ ಮೇಲೆ ಕವಚ, ಚರ್ಮ, ಬಟ್ಟೆ ಎಲ್ಲಾ ಒಂದೇ ಪ್ಲಾಸ್ಟಿಕ್ ಥರ ಕಾಣುತ್ತೆ. ಆಗ ಶುರುವಾಗುತ್ತೆ ಹೊಸ ಬ್ರಷ್ ಪ್ಯಾಕ್ ಹುಡುಕಾಟ. ಇಲ್ಲಾಂದ್ರೆ '4ಕೆ ಹಾಕಿದ್ರೆ ಸರಿಹೋಗುತ್ತೆ' ಅನ್ನೋ ನಂಬಿಕೆ. ನನ್ನ ಪ್ರಕಾರ ಮೊದಲು ಕಲಿಯಬೇಕಾದದ್ದು ತಿಳಿ ಮತ್ತು ಗಾಢದ ಲೆಕ್ಕ.

1024×1024ರಿಂದ 4096×4096ಕ್ಕೆ ಹೋದರೆ ಪಿಕ್ಸೆಲ್‌ಗಳು 16 ಪಟ್ಟಾಗುತ್ತವೆ. ಆದರೆ ಡೋಟಾ 2ರಂಥ ಆಟದಲ್ಲಿ ಹೀರೋ ಕಾಣೋದು ಮೇಲಿನಿಂದ, ದೂರದಿಂದ, ಹೆಬ್ಬೆರಳಷ್ಟು ಗಾತ್ರದಲ್ಲಿ. ಅದಕ್ಕೇ ವಾಲ್ವ್ ಕಂಪನಿ ಆ ಆಟದ ಕಲಾವಿದರಿಗಾಗಿ ಹೊರತಂದ ಕೈಪಿಡಿ ಹೇಳುತ್ತೆ: ಕಾಲಿನ ಕಡೆ ಗಾಢ, ತಲೆಯ ಕಡೆ ತಿಳಿ. ನೋಡುವವರ ಕಣ್ಣು ತಾನಾಗೇ ಮೇಲಕ್ಕೆ ಹೋಗುತ್ತೆ. 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲೂ ನೆರಳು-ಬೆಳಕನ್ನು ಟೆಕ್ಸ್ಚರ್‌ನಲ್ಲೇ ಕೈಯಿಂದ ಬರೆದಿದ್ದರು.

'ಈಗ ಪಿಬಿಆರ್ ಇದೆ, ಬೆಳಕನ್ನ ಎಂಜಿನ್ನೇ ನೋಡ್ಕೊಳ್ಳುತ್ತೆ' ಅಂತೀರಾ? ನಿಜ, ಅಲ್ಲಿ ಬೇಸ್ ಕಲರ್‌ನಲ್ಲಿ ನೆರಳು ಬಳಿಯಬಾರದು. ಆದರೆ ಎಲ್ಲಿ ಮಿರುಗಬೇಕು, ಎಲ್ಲಿ ಮಂಕಾಗಿರಬೇಕು ಅಂತ ಹೇಳೋ ರಫ್‌ನೆಸ್ ಮ್ಯಾಪ್ ನೋಡಿ. ಅದು ಬರೀ ಬೂದು ಬಣ್ಣದ ಚಿತ್ರ. ಕಪ್ಪಾದಷ್ಟೂ ಹೊಳಪು, ಬೆಳ್ಳಗಾದಷ್ಟೂ ಮಂಕು. ತಿಳಿ-ಗಾಢ ಗೊತ್ತಿಲ್ಲದವರಿಗೆ ಅಲ್ಲೂ ಕಷ್ಟವೇ.

ಅಭ್ಯಾಸಕ್ಕೆ ದುಡ್ಡೇನೂ ಬೇಡ. ಕ್ರಿಟಾ, ಬ್ಲೆಂಡರ್ ಎರಡೂ ಉಚಿತ. ವರ್ಕ್‌ಶಾಪ್‌ನ ಹಳೇ ಲೇತ್ ಮುಂದೆ ಹತ್ತು ನಿಮಿಷ ನಿಂತು ನೋಡಿ. ದಿನಾ ಕೈ ತಾಗೋ ಹಿಡಿ ಫಳಫಳ ಅನ್ನುತ್ತೆ, ಅಂಚುಗಳಲ್ಲಿ ಪೇಂಟ್ ಕಿತ್ತಿರುತ್ತೆ, ಸಂದಿಯಲ್ಲಿ ಎಣ್ಣೆ-ಧೂಳು ಕೂತಿರುತ್ತೆ. ನಿಮ್ಮ ಯೋಧನ ಕತ್ತಿಗೂ ಇದೇ ನಿಯಮ. ಎಲ್ಲೆಂದರಲ್ಲಿ ಗೀರು ಎಳೆದರೆ ಕತ್ತಿ ಹಳೇದಾಗಿ ಕಾಣಲ್ಲ, ಗಲೀಜಾಗಿ ಕಾಣುತ್ತೆ.

ಆಮೇಲೆ ಬಣ್ಣವಿಲ್ಲದೆ ಮೂರು ಗೋಳ ಬರೆಯಿರಿ: ಕಬ್ಬಿಣ, ಚರ್ಮ, ಬಟ್ಟೆ. ಯಾವುದು ಏನು ಅಂತ ರೂಮ್‌ಮೇಟ್ ಸರಿಯಾಗಿ ಹೇಳೋ ತನಕ ಬಣ್ಣ ಮುಟ್ಟಬೇಡಿ.

ಪ್ರಾಜೆಕ್ಟ್ ಡೆಮೊಗೆ ಮುಂಚೆ ಇನ್ನೊಂದು ಪರೀಕ್ಷೆ ಮಾಡಿ. ಆಟದ ಸ್ಕ್ರೀನ್‌ಶಾಟನ್ನು ಕಪ್ಪು-ಬಿಳುಪು ಮಾಡಿ, ಅಂಚೆಚೀಟಿಯಷ್ಟು ಚಿಕ್ಕದು ಮಾಡಿ. ಹೀರೋ ಹಿನ್ನೆಲೆಯಲ್ಲಿ ಕರಗಿಹೋದರೆ, ಯಾವ ಬ್ರಷ್ಷೂ ಅವನನ್ನ ಉಳಿಸಲ್ಲ. ತಿಳಿ-ಗಾಢವನ್ನೇ ತಿದ್ದಬೇಕು.