ತಂಗಿ ಮದುವೆಯ ನೆಪ

ಓಟಗಾರ್ತಿ ದ್ಯುತಿ ಚಂದ್ 2019ರ ಮೇ ತಿಂಗಳಲ್ಲಿ, ತಾನೊಬ್ಬ ಹುಡುಗಿಯನ್ನು ಪ್ರೀತಿಸುತ್ತಿರುವುದಾಗಿ ಬಹಿರಂಗವಾಗಿ ಹೇಳಿದರು. ಒಡಿಶಾದ ನೇಕಾರ ಕುಟುಂಬದ ಈ ಮಗಳು ಹಿಂದಿನ ವರ್ಷವಷ್ಟೇ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದಿದ್ದರು. ಆಕೆಯ ಅಕ್ಕ ಸರಸ್ವತಿಯೂ ಓಟಗಾರ್ತಿಯೇ. ಆ ಅಕ್ಕನೇ ತನ್ನನ್ನು ಮನೆಯಿಂದ ಹೊರಹಾಕುವ ಬೆದರಿಕೆ ಒಡ್ಡಿದ್ದಾಗಿ ದ್ಯುತಿ ದೂರಿದರು. ತಂಗಿ ಒತ್ತಡಕ್ಕೆ ಸಿಲುಕಿದ್ದಾಳೆ, ಅವಳ ಆಸ್ತಿಯ ಮೇಲೆ ಬೇರೆಯವರ ಕಣ್ಣಿದೆ ಎಂಬುದು ಅಕ್ಕನ ವಾದವಾಗಿತ್ತು.

ಸಲಿಂಗಿ ಮಕ್ಕಳನ್ನು ದೂರ ತಳ್ಳುವ ತಂದೆತಾಯಿಗಳ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ. ಒಡಹುಟ್ಟಿದವರನ್ನು ಯಾರೂ ಪ್ರಶ್ನಿಸುವುದಿಲ್ಲ. ಪ್ರಶ್ನಿಸಬೇಕು.

ಮಗ ತಾನು ಗೇ ಎಂದು ಬಾಯಿಬಿಟ್ಟ ಮನೆಯಲ್ಲಿ ಅಳು, ಆಣೆ, ಹರಕೆ, ಜಾತಕ ಎಲ್ಲವೂ ಮುಗಿದ ಮೇಲೆ ಹೊರಬರುವ ಮಾತೊಂದಿದೆ: ‘ನಿನ್ನ ತಂಗಿಗೆ ಇನ್ನು ಗಂಡು ಸಿಗುತ್ತಾ? ಅವಳ ಬಾಳು ಯಾಕೆ ಹಾಳು ಮಾಡ್ತೀಯಾ?’ ಎಷ್ಟೋ ಹುಡುಗರು ಸೋಲುವುದು ಇಲ್ಲಿಯೇ. ಅಪ್ಪನ ಸಿಟ್ಟನ್ನು ತಡೆದುಕೊಂಡವನಿಗೂ ತಂಗಿಯ ಬಾಳಿನ ಹೊರೆ ಹೊರಲು ಆಗುವುದಿಲ್ಲ. ಅಣ್ಣನಿಗೆ ಆಗುವ ಈ ಶಿಕ್ಷೆ ತಂಗಿಯ ಹೆಸರಿನಲ್ಲಿ ಆಗುತ್ತದೆ. ಹಾಗಾಗಿ ಅದನ್ನು ನಿಲ್ಲಿಸುವ ಮಾತೂ ಅವಳಿಂದಲೇ ಬರಬೇಕು. ‘ನನ್ನ ಮದುವೆಯನ್ನು ನಡುವೆ ತರಬೇಡಿ, ಅಣ್ಣ ಹೀಗಿದ್ದಾನೆಂದು ತಿಳಿದೂ ಒಪ್ಪುವ ಸಂಬಂಧವಷ್ಟೇ ನನಗೆ ಸಾಕು’ ಎಂದು ಅವಳು ಹೇಳಿದರೆ ಹೆತ್ತವರ ಆ ವಾದಕ್ಕೆ ನೆಲೆಯೇ ಇರುವುದಿಲ್ಲ. ಗೆಳೆಯರು ಹೇಳಿದರೆ ‘ನಮ್ಮ ಮನೆ ವಿಷಯಕ್ಕೆ ನೀವ್ಯಾರು’ ಎಂಬ ಉತ್ತರ ಬರುತ್ತದೆ. ತಂಗಿಗೆ ಹಾಗೆನ್ನಲು ಯಾರಿಗೂ ಬಾಯಿಲ್ಲ.

ಓದುತ್ತಿರುವ, ಅಪ್ಪನ ಹಂಗಿನಲ್ಲಿರುವ ಹುಡುಗಿಗೆ ಇಷ್ಟು ಹೇಳುವುದೂ ಕಷ್ಟ ಎಂಬುದು ನಿಜ. ಆದರೆ ಸಂಬಳ ತರುವ ದೊಡ್ಡಣ್ಣನಿಗೆ, ಮದುವೆಯಾಗಿ ಬೇರೆ ಮನೆಯಲ್ಲಿರುವ ಅಕ್ಕನಿಗೆ ಆ ಕಷ್ಟವಿಲ್ಲ. ಅವರೇ ಎಷ್ಟೋ ಸಲ ‘ಒಂದು ಮದುವೆ ಮಾಡಿದರೆ ಸರಿಹೋಗ್ತಾನೆ’ ಎಂದು ಹೆಣ್ಣು ನೋಡಲು ಹೊರಡುತ್ತಾರೆ. ಎಲ್ಲ ತಿಳಿದೂ ಏನೂ ತಿಳಿಯದ ಹುಡುಗಿಯೊಬ್ಬಳನ್ನು ಧಾರೆ ಎರೆಸಿಕೊಂಡು ಮನೆತುಂಬಿಸಿಕೊಳ್ಳುವುದು ಆ ಹುಡುಗಿಗೆ ಮಾಡುವ ದ್ರೋಹ. ಅದಕ್ಕೆ ಮರ್ಯಾದೆಯ ಹೆಸರು ಕೊಡುವುದು ಇನ್ನೂ ದೊಡ್ಡ ಅನ್ಯಾಯ.

ಇನ್ನು ‘ಡಾಕ್ಟರಿಗೆ ತೋರಿಸೋಣ’ ಎನ್ನುವವರು. ಮದುರೆಯ ಇಬ್ಬರು ಯುವತಿಯರು ಮನೆಯವರ ವಿರೋಧಕ್ಕೆ ಹೆದರಿ ಚೆನ್ನೈಗೆ ಬಂದು ಮದ್ರಾಸ್ ಹೈಕೋರ್ಟಿನ ಮೊರೆಹೊಕ್ಕಿದ್ದರು. ತೀರ್ಪು ಬರೆಯುವ ಮೊದಲು ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್, ತಮಗೆ ಈ ವಿಷಯ ಸರಿಯಾಗಿ ಅರ್ಥವಾಗಬೇಕೆಂದು ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ತಾವೇ ಹೋಗಿ ಕುಳಿತರು. 2021ರ ಜೂನ್ 7ರಂದು ಅವರು ನೀಡಿದ ಆದೇಶ, ಸಲಿಂಗಿಗಳನ್ನು ‘ಬದಲಾಯಿಸುವ’ ಚಿಕಿತ್ಸೆಯನ್ನು ನಿಷೇಧಿಸಿತು. ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೃತ್ತಿ ದುರ್ನಡತೆ ಎಂದು ಸಾರಿತು. ನ್ಯಾಯಾಧೀಶರೊಬ್ಬರು ಅಷ್ಟು ವಿನಯದಿಂದ ಕಲಿಯಬಹುದಾದರೆ, ಒಂದೇ ಕೋಣೆಯಲ್ಲಿ ಮಲಗಿ ಬೆಳೆದ ಅಣ್ಣನಿಗೆ ತಮ್ಮನ ಮಾತನ್ನು ಪೂರ್ತಿ ಕೇಳಿಸಿಕೊಳ್ಳಲು ಏನು ಅಡ್ಡಿ?

‘ಅಪ್ಪ ಅಮ್ಮನ ಕಾಲ ಮುಗಿಯುವವರೆಗೆ ಸುಮ್ಮನಿರೋಣ’ ಎಂಬ ಸಮಾಧಾನವೂ ಚಾಲ್ತಿಯಲ್ಲಿದೆ. ಅದು ಹೆತ್ತವರನ್ನೂ ಕೀಳಾಗಿ ಕಾಣುವ ಮಾತು. ಸಲಿಂಗ ವಿವಾಹದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿದ್ದಾಗ, 2023ರ ಏಪ್ರಿಲ್‌ನಲ್ಲಿ, ‘ಸ್ವೀಕಾರ್’ ಎಂಬ ಪೋಷಕರ ಬಳಗದ 400ಕ್ಕೂ ಹೆಚ್ಚು ತಂದೆತಾಯಂದಿರು ತಮ್ಮ ಮಕ್ಕಳ ಪರವಾಗಿ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ಹೆತ್ತವರು ಬದಲಾಗುತ್ತಾರೆ. ಆದರೆ ಮನೆಯೊಳಗೆ ಮೊದಲ ಮಾತನ್ನು ಯಾರಾದರೂ ಆಡಬೇಕು.

ಆ ವರ್ಷದ ಅಕ್ಟೋಬರ್ 17ರಂದು ನ್ಯಾಯಾಲಯ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ನಿರಾಕರಿಸಿತು. ಇದರ ಪರಿಣಾಮ ಒಡಹುಟ್ಟಿದವರನ್ನೇ ಮುಟ್ಟುತ್ತದೆ. ಮದುವೆ, ಮಕ್ಕಳಿಲ್ಲದ ಹಿಂದೂ ಪುರುಷ ಉಯಿಲು ಬರೆಯದೆ ಸತ್ತರೆ, ತಾಯಿ ತಂದೆ ಇಲ್ಲದ ಪಕ್ಷದಲ್ಲಿ ಆಸ್ತಿ ಹೋಗುವುದು ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ. ಮೂವತ್ತು ವರ್ಷ ಜೊತೆಗೆ ಬಾಳಿದ ಸಂಗಾತಿಗೆ ಕಾಸೂ ಇಲ್ಲ. ‘ನಮಗೂ ಅವನಿಗೂ ಸಂಬಂಧವಿಲ್ಲ’ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ ಮಾತ್ರಕ್ಕೆ ಪಿತ್ರಾರ್ಜಿತ ಆಸ್ತಿಯಲ್ಲಿ ಅವನ ಪಾಲು ಹೋಗುವುದಿಲ್ಲ ನಿಜ. ಆದರೆ ಹೆದರಿಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡರೆ ಆ ಪಾಲೂ ಒಡಹುಟ್ಟಿದವರಿಗೇ ಸೇರುತ್ತದೆ. ಹೊರಹಾಕಿದ್ದರಿಂದ ಲಾಭ ಪಡೆಯುವವರು ತಾವು ತಟಸ್ಥರು ಎನ್ನುವಂತಿಲ್ಲ.

ಅಂಥ ಪತ್ರದ ಲಾಭವನ್ನು ಅಕ್ಕ ಬೇಡವೆನ್ನಬಹುದು. ತಮ್ಮ ಆಸ್ಪತ್ರೆ ಸೇರಿದರೆ, ಡಾಕ್ಟರು ‘ಸಂಬಂಧಿಕರು ಯಾರು’ ಎಂದು ಕೇಳಿದಾಗ ಅವನ ಸಂಗಾತಿಯನ್ನು ಮುಂದೆ ನಿಲ್ಲಿಸಬಹುದು. ಆ ಸಂಗಾತಿಯ ಹೆಸರಿಗೆ ತಮ್ಮ ಉಯಿಲು ಬರೆಯುವ ದಿನ, ಬೇಕಾದ ಇಬ್ಬರು ಸಾಕ್ಷಿಗಳಲ್ಲಿ ಒಬ್ಬಳಾಗಿ ತಾನೇ ಸಹಿ ಹಾಕಬಹುದು. ಮುಂದೆ ಆ ಉಯಿಲನ್ನು ಪ್ರಶ್ನಿಸಲು ಹೊರಡುವ ಚಿಕ್ಕಪ್ಪ ದೊಡ್ಡಪ್ಪಂದಿರು ಮೊದಲು ಅವಳ ಸಹಿಗೆ ಉತ್ತರ ಹೇಳಬೇಕಾಗುತ್ತದೆ.