ಮನೆಗೆ ಬಂದ ನೀರಿನ ಲೆಕ್ಕ ನಕ್ಷೆಗೂ ಸೇರಲಿ

ಬೆಂಗಳೂರಿನಲ್ಲಿ ಮಳೆ ನಿಂತ ಕೆಲವೇ ವಾರಗಳಲ್ಲಿ ಮನೆಗಳ ಗೋಡೆಗೆ ಹೊಸ ಬಣ್ಣ ಬೀಳುತ್ತದೆ. ಕೆಸರಿನ ಗೆರೆ ಮಾಯವಾಗುತ್ತದೆ. ನೀರು ನುಗ್ಗಿದ್ದನ್ನು ಆಮೇಲೆ ಯಾರೂ ಹೆಚ್ಚಾಗಿ ಹೇಳಿಕೊಳ್ಳುವುದಿಲ್ಲ. ಹೇಳಿದರೆ ಬಾಡಿಗೆಗೆ ಬರುವವರು ಹಿಂಜರಿಯುತ್ತಾರೆ, ಸೈಟಿನ ಬೆಲೆ ಇಳಿಯುತ್ತದೆ ಎಂಬ ಆತಂಕ. ಆ ಆತಂಕ ಸಹಜವಾದದ್ದು. ದುಡಿದು ಉಳಿಸಿದ್ದನ್ನೆಲ್ಲ ಹಾಕಿ, ಸಾಲವನ್ನೂ ಮಾಡಿ ಕಟ್ಟಿಕೊಂಡ ಮನೆ ಅದು.

ಆದರೆ ನಾವು ಹೇಳದ ನೀರು ಸರ್ಕಾರದ ನಕ್ಷೆಯಲ್ಲಿಯೂ ಕಾಣುವುದಿಲ್ಲ. ಯಾವ ಬೀದಿಯಲ್ಲಿ ಎಷ್ಟು ಎತ್ತರ ನಿಂತಿತು, ಎಷ್ಟು ಹೊತ್ತು ನಿಂತಿತು, ಯಾವ ಕಡೆಯಿಂದ ಬಂತು ಎಂಬುದು ಸೇರದೆ ಯೋಜನೆ ತಯಾರಾಗುತ್ತದೆ. ಮುಂದೆ ನಮ್ಮ ನಿವೇಶನದಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಎಂಬುದನ್ನು ಅದೇ ಯೋಜನೆ ತೀರ್ಮಾನಿಸುತ್ತದೆ.

ಬೆಂಗಳೂರಿಗೆ ನದಿಯ ಪ್ರವಾಹವಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಊರಿದು. ದಿಬ್ಬದ ಮೇಲೆ ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಮತ್ತು ವೃಷಭಾವತಿ ಕಣಿವೆಗಳಿಗೆ ಇಳಿಯುತ್ತದೆ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ನಡುವೆ ಎಲ್ಲಿ ಕಾಲುವೆ ಕಿರಿದಾಯಿತೋ ಅಲ್ಲಿ ನೀರು ಈಗ ಮನೆಗಳಿಗೆ ತಿರುಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಮಹದೇವಪುರ ಭಾಗಗಳಲ್ಲಿ ಜನರನ್ನು ದೋಣಿ ಮತ್ತು ಟ್ರ್ಯಾಕ್ಟರ್‌ಗಳಲ್ಲಿ ಹೊರತರಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರಕ್ಕೂ ದೋಣಿ ಬಂತು. ಅದಕ್ಕೆ ಮೂರು ವರ್ಷ ಮೊದಲು, 2021ರ ನವೆಂಬರ್‌ನಲ್ಲಿಯೂ ಅದೇ ವಸತಿ ಸಮುಚ್ಚಯ ಜಲಾವೃತವಾಗಿತ್ತು.

ಇಂಥ ಹಾನಿಯನ್ನು ತಡೆಯಲೆಂದೇ ಕೆರೆ, ಕಾಲುವೆಗಳ ಪಕ್ಕದಲ್ಲಿ ಕಟ್ಟಡ ಕಟ್ಟಬಾರದ ಬಫರ್ ವಲಯವನ್ನು ಗುರುತಿಸುತ್ತಾರೆ. 2007ರಲ್ಲಿ ಜಾರಿಗೆ ಬಂದ ಪರಿಷ್ಕೃತ ಮಹಾಯೋಜನೆ-2015 ಕೆರೆಗೆ 30 ಮೀಟರ್, ಪ್ರಾಥಮಿಕ ಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಎಂದು ನಿಗದಿ ಮಾಡಿತ್ತು. ಕಾಲುವೆಗಳ ಅಳತೆ ಅವುಗಳ ನಡುಮಧ್ಯದಿಂದ. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಬಫರ್ ಅನ್ನು 75 ಮೀಟರ್‌ಗೆ ಏರಿಸಿತು. ಕಾಲುವೆಗಳಿಗೆ ಅಂಚಿನಿಂದಲೇ 50, 35, 25 ಮೀಟರ್ ಎಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿರ್ದೇಶನವನ್ನು ರದ್ದುಪಡಿಸಿತು. ಹೀಗೆ ಮೂರು ವರ್ಷಗಳೊಳಗೆ ಬಫರ್‌ನ ಗೆರೆ ಸಾವಿರಾರು ನಿವೇಶನಗಳ ಮೇಲೆ ಹಾದುಬಂದು ಹಿಂದಕ್ಕೆ ಹೋಯಿತು. ಅದರೊಳಗೆ ಬಿದ್ದವರಿಗೆ ನಕ್ಷೆ ಮಂಜೂರಾತಿ ಸಿಗುವುದು ಕಷ್ಟ. ಸಾಲ ಕೊಡುವ ಬ್ಯಾಂಕಿನ ವಕೀಲರೂ ಅದನ್ನೇ ನೋಡುತ್ತಾರೆ.

2016ರ ಆಗಸ್ಟ್‌ನಲ್ಲಿ ರಾಜಕಾಲುವೆ ಒತ್ತುವರಿ ತೆರವು ನಡೆದಾಗ ಮನೆ ಕಳೆದುಕೊಂಡ ಹಲವರ ಬಳಿ ಖಾತೆಯಿತ್ತು, ಮಂಜೂರಾದ ನಕ್ಷೆಯಿತ್ತು, ತೀರಬೇಕಾದ ಸಾಲವೂ ಇತ್ತು. ಅಧಿಕಾರಿಗಳ ಸಹಿಯನ್ನು ನಂಬಿ ಮನೆ ಕಟ್ಟಿದವರಿಗೆ ಸರ್ಕಾರ ಸರಿಯಾದ ಪರಿಹಾರವನ್ನೂ ಪುನರ್ವಸತಿಯನ್ನೂ ಕೊಡಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಕಾಲುವೆ ತೆರವಾಗಬೇಕು ಎಂಬುದೂ ಅಷ್ಟೇ ನಿಜ. ಈ ಎರಡನ್ನೂ ಒಟ್ಟಿಗೆ ಕೇಳುವ ನಾಗರಿಕರು ನಮ್ಮಲ್ಲಿ ಹೆಚ್ಚಾಗಬೇಕು.

ಆದ್ದರಿಂದ, ಮನೆಯ ಒಡೆಯರಾದ ನಿಮ್ಮಲ್ಲಿ ನನ್ನದೊಂದು ಮನವಿ.

ಮೊದಲು ನಿಮ್ಮ ಮನೆ ನಿಂತ ನೆಲದ ಹಳೆಯ ದಾಖಲೆಯನ್ನು ನೋಡಿ. ಬಡಾವಣೆಯ ಹೆಸರು ಹೊಸದು. ಅದರ ಕೆಳಗೊಂದು ಸರ್ವೆ ನಂಬರ್ ಇದೆ. ನಿವೇಶನದಲ್ಲಿ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ಅದು ಸಿಗುತ್ತದೆ. ಅದನ್ನು ಹಿಡಿದು ಕಂದಾಯ ಗ್ರಾಮದ ನಕ್ಷೆ ತೆಗೆಸಿ. ಹಳ್ಳ, ಕಾಲುವೆ, ಕೆರೆಯಂಗಳ ಅದರಲ್ಲಿ ಗುರುತಾಗಿರುತ್ತವೆ. ಹಳೆಯ ಪಹಣಿಯ ವಿಸ್ತೀರ್ಣದ ಕಾಲಂನಲ್ಲಿ 'ಬಿ' ಖರಾಬು ಎಂದಿದ್ದರೆ ಅಲ್ಲಿ ಸ್ವಲ್ಪ ನಿಧಾನಿಸಿ. ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ನೆಲ ಅದು. ಅದು ಎಷ್ಟು ಗುಂಟೆ, ಯಾವ ಮಗ್ಗುಲಲ್ಲಿದೆ ಎಂದು ಪರವಾನಗಿ ಪಡೆದ ಸರ್ವೆಯರ್ ಒಬ್ಬರಿಂದ ತಿಳಿದುಕೊಳ್ಳಿ. ಭಯಪಡಲೆಂದು ಈ ಮಾತು ಹೇಳುತ್ತಿಲ್ಲ. ನೋಟಿಸು ಬಂದ ದಿನ ಗಾಬರಿಯಲ್ಲಿ ಹುಡುಕುವುದಕ್ಕಿಂತ ಇಂದು ಸಮಾಧಾನದಿಂದ ನೋಡುವುದು ಒಳ್ಳೆಯದು. ಅಳತೆಯೇ ತಪ್ಪಾಗಿದ್ದರೆ ಆಕ್ಷೇಪ ಸಲ್ಲಿಸಲು ನಿಮಗೆ ಕಾಲಾವಕಾಶವೂ ಇರುತ್ತದೆ.

ಎರಡನೆಯ ಮಾತೇ ನನಗೆ ಹೆಚ್ಚು ಮುಖ್ಯ. ನಿಮ್ಮ ಮನೆಗೆ ನೀರು ಬಂದಿದ್ದರೆ ದಯವಿಟ್ಟು ಹೇಳಿ, ಬರೆದು ಕೊಡಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸಂವೇದಕಗಳನ್ನು ಇಟ್ಟಿದೆ. ಅವು ಕಾಲುವೆಯ ಮಟ್ಟವನ್ನು ತಿಳಿಸುತ್ತವೆ. ನಿಮ್ಮ ಅಡ್ಡರಸ್ತೆಯ ಮೂರನೆಯ ಮನೆಯ ಹೊಸಿಲನ್ನು ದಾಟಿದ ನೀರು ಅವಕ್ಕೆ ತಿಳಿಯದು. ಅದು ನಿಮಗೇ ಗೊತ್ತು. ತಾರೀಕು, ಗಂಟೆ, ನೀರಿನ ಎತ್ತರ, ಬಂದ ದಿಕ್ಕು, ಒಂದು ಫೋಟೊ ಇದ್ದರೆ ಸಾಕು. ಬೀದಿಯವರೆಲ್ಲ ಸೇರಿ ಸಹಿ ಹಾಕಿ ನಗರಪಾಲಿಕೆಯ ಮಳೆನೀರು ಕಾಲುವೆ ವಿಭಾಗಕ್ಕೆ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ. ವಾರ್ಡ್ ಸಮಿತಿಯ ಸಭೆಯಲ್ಲಿ ಅದರ ಮಾತು ಎತ್ತಿ. ಹೊಸ ಮಹಾಯೋಜನೆಯ ಕರಡು ಪ್ರಕಟವಾದಾಗ ಅದೇ ಕಾಗದ ನಿಮ್ಮ ಸಲಹೆಯ ಆಧಾರವಾಗುತ್ತದೆ. 2031ರ ಮಹಾಯೋಜನೆಯ ಕರಡು 2017ರಲ್ಲಿ ಹೊರಬಂತು, ಕೊನೆಗೆ ಅದನ್ನು ಹಿಂಪಡೆಯಲಾಯಿತು. ಮತ್ತೊಂದು ಕರಡು ಬರಲೇಬೇಕು. ಆಗ ನಮ್ಮ ಕೈ ಖಾಲಿ ಇರಬಾರದು.

ಬೆಲೆ ಇಳಿದೀತು ಎಂಬ ಅಳುಕು ನಿಮಗೆ ಇನ್ನೂ ಇರಬಹುದು. ಒಂದು ಮಾತನ್ನು ಯೋಚಿಸಿ ನೋಡಿ. ಹೇಳಿಕೊಂಡ ಬೀದಿಗೆ ಮೋರಿ ಅಗಲವಾಗುವ, ಹೂಳು ತೆಗೆಯುವ ಸಾಧ್ಯತೆ ಇದೆ. ಮುಚ್ಚಿಟ್ಟ ಬೀದಿಗೆ ಆ ಸಾಧ್ಯತೆಯೂ ಇಲ್ಲ. ಮನೆ ಮಾರುವಾಗಲೂ ಕೊಳ್ಳುವವರಿಗೆ ನಿಜ ಹೇಳಿ. ಅವರೂ ನಿಮ್ಮಂತೆಯೇ ಒಂದು ಸಂಸಾರವನ್ನು ಕಟ್ಟಿಕೊಂಡು ಬರುವವರು.

ವಿಮೆಯ ವಿಷಯವನ್ನೂ ಮರೆಯಬೇಡಿ. 2021ರ ಏಪ್ರಿಲ್‌ನಿಂದ ವಿಮಾ ಕಂಪನಿಗಳು ಭಾರತ್ ಗೃಹ ರಕ್ಷಾ ಎಂಬ ಏಕರೂಪದ ಪಾಲಿಸಿಯನ್ನು ನೀಡುತ್ತಿವೆ. ನೆರೆ ಮತ್ತು ಜಲಾವೃತದಿಂದ ಆಗುವ ಹಾನಿಯೂ ಅದರಲ್ಲಿ ಸೇರಿದೆ. ನೆಲದ ಬೆಲೆ ಬಿಟ್ಟು, ಮನೆಯನ್ನು ಮತ್ತೆ ಕಟ್ಟಲು ಬೇಕಾದ ಖರ್ಚಿಗೆ ವಿಮೆ ಮಾಡಿಸುವುದರಿಂದ ಕಂತು ಎಣಿಸಿದಷ್ಟು ದುಬಾರಿಯಾಗುವುದಿಲ್ಲ.

ದಿಬ್ಬದ ಮೇಲೆ ಮನೆ ಇರುವವರಿಗೂ ಒಂದು ಮಾತು. ನಿಮ್ಮ ಅಂಗಳದಲ್ಲಿ ನೀರು ಎಂದೂ ನಿಂತಿರಲಿಕ್ಕಿಲ್ಲ. ಆದರೆ ಕೆಳಗಿನ ಬಡಾವಣೆಗೆ ಹೋಗುವ ನೀರು ನಿಮ್ಮ ತಾರಸಿಯಿಂದಲೂ ಹೊರಡುತ್ತದೆ. 30x40 ಅಡಿಯ ನಿವೇಶನವೆಂದರೆ ಸುಮಾರು 111 ಚದರ ಮೀಟರ್. ಅದರ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ 5,500 ಲೀಟರ್ ನೀರಾಗುತ್ತದೆ. ಒಂದು ಬೀದಿಯಲ್ಲಿ ಇಂಥ 40 ಮನೆಗಳಿದ್ದರೆ ಎರಡು ಲಕ್ಷ ಲೀಟರಿಗೂ ಹೆಚ್ಚು, ಅದೂ ಕೆಲವೊಮ್ಮೆ ಒಂದೇ ಗಂಟೆಯಲ್ಲಿ. ನೆಲವೆಲ್ಲ ಕಾಂಕ್ರೀಟ್ ಆಗಿದ್ದರೆ ಅಷ್ಟೂ ನೀರು ಮೋರಿಗೇ ಹೋಗಬೇಕು. ಅದರಲ್ಲಿ ಅರ್ಧವನ್ನಾದರೂ ನಿಮ್ಮ ಸಂಪು ಮತ್ತು ಇಂಗುಗುಂಡಿ ಹಿಡಿದಿಟ್ಟುಕೊಂಡರೆ ಕೆಳಗಿನ ಮನೆಯವರಿಗೆ ಸಾಮಾನುಗಳನ್ನು ಮೇಲಕ್ಕೆ ಎತ್ತಿಡಲು ಸಮಯ ಸಿಗುತ್ತದೆ.

ಮಳೆನೀರು ಕೊಯ್ಲಿನ ನಿಯಮ 2009ರಿಂದಲೇ ಇದೆ, ಗುಂಡಿ ತೆಗೆದವರೂ ಬಹಳ ಮಂದಿ ಇದ್ದೀರಿ. ಹೆಚ್ಚಿನ ಕಡೆ ಅದರ ಬಾಯಿಗೆ ಎಲೆ, ಮಣ್ಣು ತುಂಬಿಕೊಂಡಿರುತ್ತದೆ. ಮುಂಗಾರಿಗೆ ಮೊದಲು, ಏಪ್ರಿಲ್ ಕೊನೆಯ ಒಂದು ಭಾನುವಾರ, ಅದರ ಮುಚ್ಚಳ ತೆಗೆಸಿ ಜಲ್ಲಿ ತೊಳೆಸಿ ಹಾಕಿಸಿ. ಪಕ್ಕದ ಮನೆಯವರನ್ನೂ ಕರೆಯಿರಿ. ಕೆಲಸದವರು ಒಮ್ಮೆ ಬಂದಾಗ ಎರಡು ಮನೆಯದೂ ಮುಗಿಯುತ್ತದೆ.